ಆ ಭಾನುವಾರ ಓದಿದ ಕೃತಜ್ಞತೆ

"ನಿಲ್ಸಿ!"

ಆ ಕೂಗಿಗೆ ಕೀಬೋರ್ಡ್ ತಟಕ್ಕನೆ ನಿಂತಿತು. ಚರ್ಚಿನಲ್ಲಿದ್ದ ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು.

ಬಾಗಿಲಲ್ಲಿ ಹೆಪ್ಸಿಬಾ ನಿಂತಿದ್ದಳು. ಕೆದರಿದ ಕೂದಲು. ಮೂರು ದಿನದಿಂದ ಆಸ್ಪತ್ರೆಯಲ್ಲೇ ತೊಟ್ಟಿದ್ದ ಚೂಡಿದಾರ. ಚಪ್ಪಲಿ ಬಿಟ್ಟು ಒಳಗೆ ಬರಬೇಕೆನ್ನುವುದೂ ಅವಳಿಗೆ ನೆನಪಾಗಿರಲಿಲ್ಲ.

"ಈಗ ಏನ್ ಓದಿದ್ರಿ? ಇನ್ನೊಂದ್ಸಲ ಓದಿ!"

ಮುಂದೆ ಮೈಕ್ ಹಿಡಿದು ನಿಂತಿದ್ದ ಎಲೀಷನ ಕೈಯಲ್ಲಿ ಒಂದು ಸಣ್ಣ ಬಿಳಿ ಕವರ್ ಇತ್ತು.

ಅಮೃತಹಳ್ಳಿಯ ಆ ಪುಟ್ಟ ಚರ್ಚಿನಲ್ಲಿ ಅದೊಂದು ಪದ್ಧತಿ. ಆ ವಾರ ಒಳ್ಳೆಯದೇನಾದರೂ ಕಂಡವರು ಕವರಿನಲ್ಲಿ ಕಾಣಿಕೆ ಇಟ್ಟು, ಮೇಲೆ ಕಾರಣ ಬರೆದು ಕೊಡುತ್ತಾರೆ. ಮಗು ಹುಟ್ಟಿತು, ಕೆಲಸ ಸಿಕ್ಕಿತು, ಬೋರ್‌ವೆಲ್ಲಿನಲ್ಲಿ ನೀರು ಬಂತು... ಎಲೀಷ ಒಂದೊಂದನ್ನೇ ಓದುತ್ತಾನೆ. ಪ್ರತಿಯೊಂದಕ್ಕೂ ಸಭೆಯವರೆಲ್ಲ ಒಟ್ಟಾಗಿ 'ಸ್ತೋತ್ರ' ಎನ್ನುತ್ತಾರೆ.

ಈಗಷ್ಟೇ ಅವನು ಓದಿದ್ದು ಇದು: 'ನನ್ನ ಮಗ ಸೈಲಸ್‌ಗೆ ಪೂರ್ಣ ಸ್ವಸ್ಥತೆ ಕೊಟ್ಟದ್ದಕ್ಕಾಗಿ ಕರ್ತನಿಗೆ ಕೃತಜ್ಞತೆ. ದ್ರೌಪದಮ್ಮ.'

"ನಮ್ಮಣ್ಣ ಬೆಳಗ್ಗೆ ಆರೂ ಇಪ್ಪತ್ತಕ್ಕೆ ಹೋದ!" ಹೆಪ್ಸಿಬಾಳ ಧ್ವನಿ ಸೀಳಿತು. "ಪಾಸ್ಟರ್ ಫೋನ್ ಆಫ್ ಇತ್ತು, ಅದಕ್ಕೇ ಆಟೋ ಹಿಡ್ದು ಅವರನ್ನ ಕರ್ಕೊಂಡ್ ಹೋಗೋಕೆ ಬಂದೆ. ಇಲ್ಲಿ ನೋಡಿದ್ರೆ... ಅವನಿಗೆ ವಾಸಿಯಾಯ್ತು ಅಂತ ಸ್ತೋತ್ರ ಹೇಳಿಸ್ತಿದ್ದೀರ!"

ಯಾರೋ ಹೆಂಗಸು ಬಿಕ್ಕಿದಳು. ಪಾಸ್ಟರ್ ಎದ್ದು ನಿಂತರು.

ಹೆಪ್ಸಿಬಾ ಎಲೀಷನ ಎದುರಿಗೇ ಹೋಗಿ ನಿಂತಳು. "ಅಮ್ಮ ಗುರುವಾರ ಆಸೆಯಿಂದ ಬರ್ಕೊಟ್ಟಿದ್ಲು. ನಂಬಿಕೆಯಿಂದ ಮುಂಚೇನೇ ಕೃತಜ್ಞತೆ ಹೇಳ್ಬೇಕು ಅಂತ ನೀವೇ ತಾನೇ ಕಲಿಸೋದು? ಸರಿ. ಅವನು ಹೋಗಿದ್ದು ನಿಮಗೆ ಗೊತ್ತಿರ್ಲಿಲ್ಲ, ಅಲ್ವಾ? ಗೊತ್ತಿರ್ಲಿಲ್ಲ ಅಂತ ಹೇಳ್ಬಿಡಿ!"

ಅವಳ ದನಿಯಲ್ಲಿ ಯಾಚನೆಯೂ ಇತ್ತು.

ಎಲೀಷ ಮೈಕ್ ಕೆಳಗಿಳಿಸಿದ. "ಗೊತ್ತಿತ್ತು."

"ಗೊತ್ತಿದ್ದೂ ಓದಿದ್ರಾ?"

"ಹೌದು. ಕ್ಷಮಿಸಿ."

ಅಷ್ಟೇ. ಒಂದು ಕಾರಣವಿಲ್ಲ, ಒಂದು ಸಮಜಾಯಿಷಿ ಇಲ್ಲ!

'ಇವನೆಂಥ ಮನುಷ್ಯ...' ಹೆಪ್ಸಿಬಾ ಆ ಕವರನ್ನು ಕಿತ್ತುಕೊಂಡು ಹರಿದು ಅವನ ಕಾಲ ಬಳಿ ಎಸೆದಳು.

*

ಹೆಪ್ಸಿಬಾ ಸಹಕಾರನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಪ್ರತಿ ಟ್ಯೂಬಿನ ಮೇಲಿನ ಹೆಸರನ್ನು ಎರಡು ಸಲ ಓದದೆ ಅವಳು ಮುಂದಕ್ಕೆ ಹೋಗುವವಳಲ್ಲ. ಒಂದು ಹೆಸರು ಅದಲುಬದಲಾದರೆ ಯಾರದೋ ಸಾವು ಇನ್ನಾರದೋ ಕೈಗೆ ಹೋಗುತ್ತದೆ ಎಂಬ ಭಯ ಅವಳಿಗೆ.

ಅಂಥವಳ ಅಣ್ಣನ ಸಾವನ್ನು ಎಲೀಷ ಬೇಕೆಂದೇ ತಪ್ಪಾಗಿ ಓದಿದ್ದ!

ಸೈಲಸ್‌ಗೆ ರಕ್ತದ ಕ್ಯಾನ್ಸರ್. ಹನ್ನೊಂದು ತಿಂಗಳು ಅವನ ರಿಪೋರ್ಟುಗಳನ್ನು ಮೊದಲು ನೋಡುತ್ತಿದ್ದವಳು ಅವಳೇ. ಸಂಖ್ಯೆಗಳು ಕುಸಿಯುವುದನ್ನು ನೋಡಿಯೂ ಮನೆಯಲ್ಲಿ ನಗುತ್ತಿದ್ದವಳೂ ಅವಳೇ. ಆ ಹನ್ನೊಂದು ತಿಂಗಳಲ್ಲಿ ಅವಳು ಬೇಡಿದ ಒಂದೇ ಒಂದು ಪ್ರಾರ್ಥನೆಗೂ ಉತ್ತರ ಬರಲಿಲ್ಲ.

ಮಣ್ಣು ಮಾಡಿದ ಒಂಬತ್ತನೇ ದಿನ ಅವಳು ಚರ್ಚಿನ ಕಮಿಟಿಗೆ ಪತ್ರ ಬರೆದಳು. ಎಲೀಷ ಇನ್ನು ಮುಂದೆ ಆ ಮೈಕ್ ಮುಟ್ಟಬಾರದು. ಇಲ್ಲದಿದ್ದರೆ ತಾನೂ ತನ್ನ ತಾಯಿಯೂ ಆ ಚರ್ಚಿನ ಮೆಟ್ಟಿಲು ಹತ್ತುವುದಿಲ್ಲ.

ನವೆಂಬರ್ ಕೊನೆಯ ಭಾನುವಾರ ಆರಾಧನೆ ಮುಗಿದ ಮೇಲೆ ತೀರ್ಮಾನ ಎಂದರು ಪಾಸ್ಟರ್.

ಇಷ್ಟಾದರೂ ಎಲೀಷ ಪ್ರತಿ ಗುರುವಾರ ಸಂಜೆ ಅವರ ಮನೆಗೆ ಬರುವುದನ್ನು ನಿಲ್ಲಿಸಲಿಲ್ಲ! ಹೆಬ್ಬಾಳದಲ್ಲಿ ಓದಿ ದನದ ಡಾಕ್ಟರಾಗಿದ್ದ ಅವನು ಸುತ್ತಲ ಕೊಟ್ಟಿಗೆಗಳ ಕೆಲಸ ಮುಗಿಸಿ, ಕೈಕಾಲು ತೊಳೆದು, ದ್ರೌಪದಮ್ಮನ ಜೊತೆ ಕೂತು ಪ್ರಾರ್ಥನೆ ಮಾಡುತ್ತಿದ್ದ.

ಅವನು ಕಣ್ಣು ಮುಚ್ಚುತ್ತಿದ್ದಂತೆ ಹೆಪ್ಸಿಬಾ ಅಡುಗೆಮನೆಯಲ್ಲಿ ಮಿಕ್ಸಿ ಹಾಕುತ್ತಿದ್ದಳು. ಖಾಲಿ ಜಾರ್!

"ಏನ್ ರುಬ್ತಿದ್ದೀಯೆ ಇಷ್ಟೊತ್ತು?" ಅಮ್ಮ ಕೂಗುತ್ತಿದ್ದಳು.

"ಗಾಳಿ!"

ಎಲೀಷ ಮಿಕ್ಸಿ ನಿಲ್ಲುವವರೆಗೂ ಕಾಯುತ್ತಿದ್ದ. ನಿಂತ ಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಿದ್ದ. ಆ ತಾಳ್ಮೆ ಅವಳನ್ನು ಇನ್ನಷ್ಟು ಕೆರಳಿಸುತ್ತಿತ್ತು. ಗುರುವಾರ ನಾಲ್ಕು ಗಂಟೆಯಿಂದಲೇ ತನ್ನ ಕಿವಿ ಗೇಟಿನ ಸದ್ದಿಗೆ ಕಾಯುತ್ತದೆ ಎಂಬುದು ತಿಳಿದಾಗ ತನ್ನ ಮೇಲೂ ಸಿಟ್ಟು ಬಂತು.

ಒಂದು ಗುರುವಾರ ಪ್ರಾರ್ಥನೆಯ ಮಧ್ಯೆ ಕರೆಂಟ್ ಹೋಯಿತು. ಮಿಕ್ಸಿ ಸತ್ತಿತು. ಅವನ ಮಾತು ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು.

"...ಕರ್ತನೇ, ಹೆಪ್ಸಿಬಾ ಅವರಿಗೆ ನನ್ನ ಮೇಲಿರೋ ಕೋಪಾನ ಈಗ್ಲೇ ತೆಗೀಬೇಡ. ಸದ್ಯಕ್ಕೆ ಅವರು ನಿಂತಿರೋದು ಅದನ್ನ ಹಿಡ್ಕೊಂಡೇ."

ಅವಳ ಕೈ ಜಾರಿನ ಮುಚ್ಚಳದ ಮೇಲೆ ಹಾಗೇ ಉಳಿಯಿತು.

ಅವನು ಹೊರಟಾಗ ಗೇಟಿನಲ್ಲಿ ಅಡ್ಡ ನಿಂತಳು. "ನನ್ನ ಹೆಸರು ನಿಮ್ಮ ಬಾಯಲ್ಲಿ ಬರ್ಬಾರ್ದು. ದೇವರ ಹತ್ರಾನೂ!"

"ಅದೊಂದು ಆಗಲ್ಲ ಕಣ್ರೀ."

"ಯಾಕೆ ಆಗಲ್ಲ?"

ಅವನು ಬೈಕಿನ ಕೀಲಿ ತಿರುವುತ್ತಾ, ಅವಳ ಮುಖ ನೋಡದೆ ಹೇಳಿದ. "ಅಭ್ಯಾಸ ಆಗೋಗಿದೆ. ಮೂರು ವರ್ಷ ಆಯ್ತು."

ಬೈಕ್ ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು.

'ಮೂರು ವರ್ಷವಾ? ಅಣ್ಣನಿಗೆ ಕಾಯಿಲೆ ಇದ್ದದ್ದೇ ಹನ್ನೊಂದು ತಿಂಗಳಲ್ಲವಾ...'

*

ಕಮಿಟಿ ಸೇರುವ ಹಿಂದಿನ ದಿನ, ಶನಿವಾರ ಮಧ್ಯಾಹ್ನ. ಹೆಪ್ಸಿಬಾ ನಾಳೆ ಆಡಬೇಕಾದ ಮಾತುಗಳನ್ನು ಹಾಳೆಯ ಮೇಲೆ ಬರೆದು ತಿದ್ದುತ್ತಿದ್ದಳು. ದ್ರೌಪದಮ್ಮ ಬಂದು ಆ ಹಾಳೆಯ ಮೇಲೆ ಅಂಗೈ ಇಟ್ಟಳು.

"ವಾಪಸ್ ತಗೊಳ್ಳೆ ಆ ಪತ್ರಾನ."

"ಅಮ್ಮ, ಮತ್ತೆ ಶುರು ಮಾಡ್ಬೇಡ."

"ಅವತ್ತು ಓದು ಅಂತ ಹೇಳಿದ್ದು ನಾನು."

ಹೆಪ್ಸಿಬಾಳಿಗೆ ಮೊದಲು ಅರ್ಥವಾಗಲಿಲ್ಲ. "ಗುರುವಾರ ಕವರ್ ಕೊಟ್ಟಿದ್ದು ನೀನೇ, ಗೊತ್ತು..."

"ಗುರುವಾರ ಅಲ್ಲ. ಭಾನುವಾರ." ಅಮ್ಮ ಹಾಳೆಯ ಮೇಲಿನ ಕೈ ತೆಗೆಯಲಿಲ್ಲ. "ನೀನು ಆಟೋ ಹತ್ತಿದ ಮೇಲೆ ಆಸ್ಪತ್ರೆಯಿಂದ ಅವನಿಗೆ ಫೋನ್ ಮಾಡ್ದೆ. ಸೈಲಸ್ ಹೋದ ಕಣಪ್ಪ, ಆದ್ರೂ ನನ್ನ ಕವರ್ ಓದು ಅಂದೆ. ಬೇಡಮ್ಮ ಅಂದ. ಅತ್ತ. ನಾನೇ ಆಣೆ ಇಡ್ಸಿದ ಹಾಗೆ ಬಲವಂತ ಮಾಡ್ದೆ."

"ಯಾಕೆ?" ಅದು ಪ್ರಶ್ನೆಯಾಗಿರಲಿಲ್ಲ, ಚೀರಾಟವಾಗಿತ್ತು. "ಮಗ ಸತ್ತಿದ್ದಕ್ಕೆ ಕೃತಜ್ಞತೆನಾ?"

"ಅವನ ಹುಬ್ಬು ನೋಡ್ದೆ ಕಣೆ. ಹನ್ನೊಂದು ತಿಂಗಳು ನಿದ್ದೇಲೂ ಗಂಟಿಕ್ಕಿರ್ತಿತ್ತಲ್ಲ... ಅವತ್ತು ಸಡಿಲ ಆಗಿತ್ತು. ಚಿಕ್ಕವನಿದ್ದಾಗ ಮಲಗ್ತಿದ್ನಲ್ಲ, ಹಂಗೆ. ಇನ್ಮೇಲೆ ಇವನಿಗೆ ಯಾವ ಸೂಜೀನೂ ಇಲ್ಲ, ಕರ್ತ ಕೈಯಾರೆ ಎತ್ಕೊಂಡಿದ್ದಾನೆ ಅನ್ನಿಸ್ತು. ಸ್ವಸ್ಥತೆ ನಾನು ಕೇಳಿದ ಥರ ಬರ್ಲಿಲ್ಲ. ಆದ್ರೂ ಹೇಳ್ಬೇಕು ಅನ್ನಿಸ್ತು. ಆ ಗಳಿಗೇಲಿ ಹೇಳ್ದೇ ಇದ್ದಿದ್ರೆ ಜೀವಮಾನದಲ್ಲಿ ಇನ್ಯಾವತ್ತೂ ಹೇಳ್ತಿರ್ಲಿಲ್ಲ ನಾನು."

"ಮತ್ತೆ ಎರಡು ತಿಂಗಳು ಬಾಯಿ ಮುಚ್ಕೊಂಡಿದ್ದೆ! ಅವರ ಮೇಲೆ ನಾನು ಉಗುಳ್ತಿದ್ರೆ ಕೂತು ನೋಡ್ದೆ!"

"ಹೆದರಿಕೆ ಕಣೆ." ದ್ರೌಪದಮ್ಮ ನೆಲಕ್ಕೆ ಕುಸಿದಳು. "ಅಪ್ಪ ಇಲ್ಲ. ಅಣ್ಣ ಇಲ್ಲ. ನೀನೂ ನನ್ನ ಮೇಲೆ ಮುನಿಸ್ಕೊಂಡ್ರೆ ನಿನಗೆ ಯಾರಿದ್ರು? ನನಗೆ ಯಾರಿದ್ರು? 'ನನ್ನ ಮೇಲೇ ಇರ್ಲಿ ಬಿಡಿ ಅಮ್ಮ' ಅಂದುಬಿಟ್ಟ ಆ ಹುಡುಗ. ನಾನು ಹೇಡಿ, ಬಿಟ್ಬಿಟ್ಟೆ."

ಹೆಪ್ಸಿಬಾ ಕೈಗೆ ಸಿಕ್ಕ ಸ್ಟೀಲ್ ಲೋಟವನ್ನು ಬೀಸಿ ಎಸೆದಳು. ಅದು ಗೋಡೆಗೆ ಬಡಿದು, ನೆಲದ ಮೇಲೆ ಉರುಳಿ ಉರುಳಿ ನಿಂತಿತು.

"ನಿನ್ನ ಮೇಲೆ ಕೋಪ! ಅವರ ಮೇಲೆ ಕೋಪ! ನಿನ್ನ ದೇವರ ಮೇಲಂತೂ..."

"ಅವನಿಗೇ ಹೇಳು."

"ಏನು?"

"ನನಗಲ್ಲ, ಅವನಿಗೇ ಹೇಳು. ನಾನೂ ದಿನಾ ಜಗಳ ಆಡ್ತೀನಿ. ಬೆಳಗಿನ ಜಾವ ಎದ್ದು ಮೊದಲು ಬೈದು, ಆಮೇಲೆ ಅಳ್ತೀನಿ. ಇನ್ನೂ ನನ್ನನ್ನ ಹೊರಗೆ ಹಾಕಿಲ್ಲ ಅವನು."

ಹೆಪ್ಸಿಬಾಳ ಮಂಡಿಗಳು ತಾವಾಗಿಯೇ ಬಾಗಿದವು. ಕೈ ಮುಗಿಯಲಿಲ್ಲ, ಮುಷ್ಟಿ ಬಿಗಿದಿತ್ತು.

"ಕರ್ತನೇ... ನನಗೆ ನಿನ್ನ ಮೇಲೆ ಕೋಪ ಇದೆ. ಹನ್ನೊಂದು ತಿಂಗಳು ಕೇಳ್ದೆ. ನೀನು ಕಿವಿಗೇ ಹಾಕ್ಕೊಳ್ಳಲಿಲ್ಲ. ಅವನಿಗೆ ಮೂವತ್ತೆರಡು ವರ್ಷ. ಮೂವತ್ತೆರಡು! ನಿನಗೇನು ಕಮ್ಮಿ ಆಗ್ತಿತ್ತು, ಬಿಟ್ಟಿದ್ರೆ? ನನಗೆ ಕೃತಜ್ಞತೆ ಬರ್ತಿಲ್ಲ. ಬಂದಾಗ ಹೇಳ್ತೀನಿ. ಅಲ್ಲೀವರೆಗೂ... ಅಲ್ಲೀವರೆಗೂ ಬಿಟ್ಟು ಹೋಗ್ಬೇಡ."

ಕೊನೆಯ ಮಾತು ತನ್ನ ಬಾಯಿಂದಲೇ ಬಂತೇ? ಅವಳಿಗೇ ಆಶ್ಚರ್ಯವಾಯಿತು.

"ಆಮೆನ್," ಎಂದಳು ದ್ರೌಪದಮ್ಮ, ಗಟ್ಟಿಯಾಗಿ.

ಆಗ ಹೆಪ್ಸಿಬಾ ಅತ್ತಳು. ಅಣ್ಣ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಅಳು ನಿಂತಾಗ ಕೋಪ ಇನ್ನೂ ಇತ್ತು. ಆದರೆ ಅದನ್ನು ಹೇಳಿಕೊಳ್ಳಲು ಒಬ್ಬನು ಇದ್ದಾನೆ, ಅವನು ಎದ್ದು ಹೋಗಲಿಲ್ಲ ಎನ್ನಿಸಿತು. ಎಷ್ಟೋ ದಿನದ ಮೇಲೆ ಉಸಿರು ಎದೆಯ ತಳದವರೆಗೂ ಇಳಿಯಿತು.

ಅವಳು ಮುಖ ತೊಳೆದುಕೊಂಡು ಚಪ್ಪಲಿ ಮೆಟ್ಟಿದಳು. "ಎಲ್ಲಿದ್ದಾರೆ ಅವರು?"

"ಚಿಕ್ಕಬೈರಪ್ಪನ ಹಸು ಈಯ್ತಿದೆಯಂತೆ, ಅಲ್ಲಿಗೆ ಹೋಗಿರ್ಬೇಕು. ನಾಳೆ ಕಮಿಟಿ ಮುಂದೆ ನಾನೇ ಎದ್ದು ಹೇಳ್ತೀನಿ ಅಂತ ಅವನಿಗೆ ಹೇಳು."

*

ಸುತ್ತ ಎದ್ದಿದ್ದ ಅಪಾರ್ಟ್‌ಮೆಂಟುಗಳ ನಡುವೆ ಚಿಕ್ಕಬೈರಪ್ಪನ ಕೊಟ್ಟಿಗೆ ಒಂದೇ ಉಳಿದಿತ್ತು. ಹೊಲವೆಲ್ಲ ಸೈಟಾದರೂ ಮುದುಕ ಹಸು ಬಿಟ್ಟಿರಲಿಲ್ಲ.

ಎಲೀಷ ಹಸುವಿನ ಹಿಂದೆ ಮಂಡಿಯೂರಿದ್ದ. ಭುಜದವರೆಗೂ ರಕ್ತ, ಸಗಣಿ.

"ಅಮ್ಮ ಎಲ್ಲಾ ಹೇಳಿದ್ಲು!" ಹೆಪ್ಸಿಬಾ ಬಾಗಿಲಲ್ಲೇ ಕೂಗಿದಳು.

ಅವನು ಬೆಚ್ಚಿದ. "ಹೆಪ್ಸಿಬಾ ಅವರೇ, ಈಗ..."

"ಈಗಲೇ! ನನ್ನ ಕೋಪಾನ ನನ್ನ ಕೇಳ್ದೆ ಹೊತ್ಕೊಳ್ಳೋಕೆ ನೀವ್ಯಾರು?"

"ಯವ್ವಾ," ಹಸುವಿನ ಕೊರಳು ಹಿಡಿದಿದ್ದ ಚಿಕ್ಕಬೈರಪ್ಪ ಗದರಿದ, "ಜಗಳ ಆಡೋದಾದ್ರೆ ಅಗ್ಗ ಇಡ್ಕೊಂಡು ಆಡು. ಇಂಗೆ ನಿಂತ್ಕೊಂಡು ಕಿರುಚುದ್ರೆ ಕರು ಎದರ್ಕೊಂಡು ಒಳೀಕೇ ಓಯ್ತದೆ!"

ಕರುವಿನ ಎರಡು ಕಾಲಿಗೆ ಕಟ್ಟಿದ್ದ ಹಗ್ಗವನ್ನು ಅವಳು ಹಿಡಿದಳು.

"ಹಸು ತಿಣುಕಿದಾಗ ಮಾತ್ರ ಎಳೀರಿ," ಎಂದ ಎಲೀಷ.

"ಗೊತ್ತಾಗುತ್ತೆ ನನಗೆ! ಮೂರು ವರ್ಷ ಅಂದ್ರಲ್ಲ, ಅದೇನು?"

"ಈಗ ಎಳೀರಿ!"

ಎಳೆದಳು. ಅಂಗೈ ಉರಿಯಿತು.

"ಸುಗ್ಗಿ ಹಬ್ಬದಲ್ಲಿ..." ಅವನು ಏದುಸಿರಿನಲ್ಲಿ ಹೇಳಿದ, "ಚರ್ಚಲ್ಲಿ ತರಕಾರಿ ಹರಾಜು ಕೂಗ್ತಿದ್ದೆ. ಕುಂಬಳಕಾಯಿ ತೂಕ ಜಾಸ್ತಿ ಹೇಳ್ದೆ ಅಂತ ಎಲ್ಲರೆದುರು ಎದ್ದು ನಿಂತು ಬೈದ್ರಿ. ಅವತ್ತಿಂದ..."

"ಬೈದಿದ್ದಕ್ಕಾ?"

"ಸುಳ್ಳಿಗೆ ಹಾಗೆ ಸಿಟ್ಟಾಗೋರನ್ನ ನಾನು ನೋಡಿರ್ಲಿಲ್ಲ. ಎಳೀರಿ!"

ಜಾರಿಕೊಂಡು ಬಂದ ಕರು ಇಬ್ಬರ ನಡುವೆ ಹುಲ್ಲಿನ ಮೇಲೆ ಬಿತ್ತು. ಒಂದು ಗಳಿಗೆ ಅಲುಗಲಿಲ್ಲ. ಎಲೀಷ ಅದರ ಮೂಗು ಒರೆಸಿ ಹುಲ್ಲುಕಡ್ಡಿಯಿಂದ ಕೆಣಕಿದ. ಕರು ಸೀನಿತು!

"ಎಣ್ಗರು!" ಚಿಕ್ಕಬೈರಪ್ಪ ಬೆಲ್ಲ ತರಲು ಮನೆಯ ಕಡೆ ಓಡಿದ.

ಹೆಪ್ಸಿಬಾ ಹಗ್ಗ ಕೆಳಗಿಟ್ಟಳು. ಧ್ವನಿ ತಗ್ಗಿತ್ತು. "ನಾಳೆ ಅಮ್ಮನೇ ಎದ್ದು ಎಲ್ಲಾ ಹೇಳ್ತಾಳಂತೆ. ನಾನು ಪಕ್ಕದಲ್ಲಿ ನಿಂತ್ಕೋತೀನಿ. ಪತ್ರ ವಾಪಸ್ ತಗೊಂಡು, ಎಲ್ಲರೆದುರು ನಿಮ್ಮ ಕ್ಷಮೆ ಕೇಳ್ತೀನಿ."

"ಕ್ಷಮೆ ಬೇಡ..."

"ನನಗೆ ಬೇಕು. ಸುಮ್ನಿರಿ." ಅವಳು ಕಣ್ಣೊರೆಸಿಕೊಂಡಳು. "ಇವತ್ತು ದೇವರಿಗೂ ಬೈದೆ."

"ಏನಂದ್ರು?"

"ಏನೂ ಅನ್ನಲಿಲ್ಲ. ಕೇಳಿಸ್ಕೊಂಡ್ರು ಅನ್ಸುತ್ತೆ." ಕರುವಿನ ತಲೆ ಸವರುತ್ತಾ ಹೇಳಿದಳು, "ಕೋಪ ಇನ್ನೂ ಹೋಗಿಲ್ಲ, ಗೊತ್ತಾ? ಬೇಗ ಹೋಗೋದೂ ಇಲ್ಲ."

"ಹೋಗೋವರೆಗೂ ಪಕ್ಕದಲ್ಲೇ ಇರ್ತೀನಿ. ಹೋದ ಮೇಲೂ... ನೀವು ಹೂಂ ಅಂದ್ರೆ."

ಹೆಪ್ಸಿಬಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದು ಮದುವೆ ಕೇಳೋ ರೀತಿನಾ? ಸಗಣಿ ಕೈಯಲ್ಲಿ?"

ಅವನು ಗಾಬರಿಯಿಂದ ಎದ್ದ. "ತೊಳ್ಕೊಂಡ್ ಬಂದು ಕೇಳ್ಲಾ?"

"ಬೇಡ." ಅವಳು ಅವನ ಮುಂಗೈ ಹಿಡಿದು ಕೂರಿಸಿದಳು. ಅವಳ ಅಂಗೈಯೂ ಸಗಣಿಯಾಯಿತು. "ಎದ್ದು ಹೋಗ್ಬೇಡಿ. ಇಲ್ಲೇ ಕೇಳಿ."