ಭಾನು ತಪ್ಪಾಗಿ ಓದಿದ ನೋಟಿಸು

“ಇದನ್ನ ನೀವೇ ಓದಿ. ಮುಚ್ಚಿಟ್ಟು ಮದ್ವೆ ಆಗೋದು ನಂಗಿಷ್ಟ ಇಲ್ಲ.”

ಹೆಣ್ಣು ನೋಡಲು ಹೊಂಗನೂರಿಗೆ ಬಂದಿದ್ದ ಅನಂತರಾಜು, ತಾನು ಕೆಲಸ ಮಾಡುವ ಬಿಡದಿಯ ಫ್ಯಾಕ್ಟರಿಯವರು ತನಗೆ ಕೊಟ್ಟಿದ್ದ ನೋಟಿಸನ್ನು ಭಾನುಪ್ರಿಯಳ ಕೈಗಿತ್ತ. ಬೆರಳು ತಾಕಿತು. ‘ಮದುವೆ ಆದರೆ ಇವನನ್ನೇ!’ ಎಂದುಕೊಂಡಳು.

ಆ ಮನೆಯಲ್ಲಿ ಪಿಯುಸಿ ಓದಿದ್ದವಳು ಅವಳೊಬ್ಬಳೇ. ಇಂಗ್ಲಿಷ್ ಸಾಲುಗಳಲ್ಲಿ ಅವಳಿಗೆ ಗುರುತು ಸಿಕ್ಕಿದ್ದು ಎರಡೇ ಪದ. ಕಾಪರ್... ಸ್ಟೀಲಿಂಗ್!

“ಏನೈತವ್ವಾ ಅದ್ರಲ್ಲಿ?” ತಂದೆ ರಾಮಲಿಂಗಯ್ಯ ಕೇಳಿದರು.

“ಇವ್ರು... ತಾಮ್ರ ಕದ್ದವ್ರೆ ಅಂತ ಬರ್ದವ್ರೆ ಅಪ್ಪಾ.”

“ನಾನು ಕದ್ದಿಲ್ಲ ಕಣ್ರೀ!” ಅನಂತರಾಜು ಅವಳನ್ನೇ ನೋಡಿದ. ಅವಳು ತಲೆ ಎತ್ತಲಿಲ್ಲ.

ಅವನ ತಾಯಿ ಶಿವಲಿಂಗಮ್ಮ ಕಾಫಿ ಲೋಟ ಕೆಳಗಿಟ್ಟು ಎದ್ದರು. ಸಂಬಂಧ ಅಲ್ಲಿಗೇ ಮುರಿಯಿತು. ಸುದ್ದಿ ಹೊಂಗನೂರಿಗೂ ಅವನ ಊರು ದೊಡ್ಡಮಳೂರಿಗೂ ಹರಡಿತು.

ಕಳ್ಳನನ್ನು ನೆನೆದು ಯಾಕೆ ಅಳುತ್ತೀಯೆ ಎಂದು ಭಾನು ತನ್ನನ್ನೇ ಬೈದುಕೊಂಡಳು. ಆದರೂ ಆಮೇಲೆ ಬಂದ ಗಂಡುಗಳನ್ನೆಲ್ಲ ಬೇಡವೆಂದಳು.

ಎರಡು ವರ್ಷದ ನಂತರ, 2007ರಲ್ಲಿ, ಕಂಪನಿ ಕೆಲಸದ ಆಸೆಯಿಂದ ಚನ್ನಪಟ್ಟಣದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದಳು. ಒಂದು ದಿನ ಮಜೀದಾ ಮೇಡಂ ಬೋರ್ಡಿನ ಮೇಲೆ ಬರೆಯುತ್ತಾ ಹೇಳಿದರು.

“ಅಕ್ಯೂಸ್ಡ್ ಜೊತೆ ಆಫ್ ಬರುತ್ತೆ, ಚಾರ್ಜ್ಡ್ ಜೊತೆ ವಿತ್. ಅಕ್ಯೂಸ್ಡ್ ಆಫ್ ಸ್ಟೀಲಿಂಗ್ ಅಂದ್ರೆ ಕದ್ದ ಅಂತಲ್ಲ, ಕದ್ದ ಅನ್ನೋ ಆರೋಪ ಇದೆ ಅಂತ. ತಪ್ಪು ಸಾಬೀತಾದ್ರೆ ಗಿಲ್ಟಿ ಆಫ್.”

ಭಾನುವಿನ ಪೆನ್ನು ನಿಂತಿತು. ಆ ನೋಟಿಸಿನಲ್ಲಿ ಸ್ಟೀಲಿಂಗ್‌ಗೆ ಮುಂಚೆ, ಅರ್ಥವಾಗದೆ ಬಿಟ್ಟಿದ್ದ ಪದಗಳೂ ಇವೇ, ಅಕ್ಯೂಸ್ಡ್ ಆಫ್... ಅಯ್ಯೋ, ನಾನೇನು ಮಾಡಿಬಿಟ್ಟೆ!

ಮರುದಿನವೇ ದೊಡ್ಡಮಳೂರಿನ ಅವನ ಮನೆಯ ಮುಂದೆ ನಿಂತಳು. ಅನಂತರಾಜು ಬಾಗಿಲಿಗೆ ಬೀಗ ಹಾಕಿ ಶಿಫ್ಟಿಗೆ ಹೊರಟಿದ್ದ.

“ನಾನು ತಪ್ಪಾಗಿ ಓದ್ಬುಟ್ಟೆ... ಅದ್ರಲ್ಲಿ ಇದ್ದಿದ್ದು ಬರೀ ಆರೋಪ.”

“ಗೊತ್ತು. ಆರು ತಿಂಗಳಿಗೆ ಎನ್‌ಕ್ವೈರಿ ಮುಗೀತು. ನಂದೇನೂ ತಪ್ಪಿಲ್ಲ ಅಂತ ಬರ್ಕೊಟ್ರು. ಅಷ್ಟೊತ್ತಿಗೆ ಅವ್ವ ಇರ್ಲಿಲ್ಲ. ಕಳ್ಳನ ತಾಯಿ ಅನ್ನಿಸ್ಕೊಂಡೇ ಹೋದ್ಲು.”

ಭಾನು ಜಗಲಿಯ ಮೇಲೆ ಕೂತಳು.

“ಇಂಗ್ಲಿಷ್ ಅರ್ಥ ಆಗ್ಲಿಲ್ಲ, ಸರಿ. ನಾನು ಕನ್ನಡದಲ್ಲೇ ಹೇಳಿದ್ನಲ್ಲ ಭಾನು, ಕದ್ದಿಲ್ಲ ಅಂತ. ಅದ್ಯಾಕೆ ಅರ್ಥ ಆಗ್ಲಿಲ್ಲ?”

ಭಾನು ಎದ್ದು ನಿಂತಳು.

“ಕ್ಷಮಿಸಿ ಅನ್ನೋಕೂ ಬಾಯಿ ಬರ್ತಿಲ್ಲ. ನಿಮ್ಮನ್ನ ಒಂದಿನಾನೂ ಮರ್ತಿಲ್ಲ... ಅಷ್ಟೇ ಹೇಳ್ಬೇಕಿತ್ತು.”

ಕಣ್ಣೀರು ಒರೆಸಿಕೊಳ್ಳದೆ ಮೆಟ್ಟಿಲಿಳಿದಳು.

“ಭಾನು...”

ತಿರುಗಿ ನೋಡಿದಳು.

“ಅವ್ವನ ಫೋಟೋ ಒಳಗೈತೆ. ಮೊದ್ಲು ಅವಳಿಗೆ ಹೇಳು, ನಿನ್ ಮಗ ಕದ್ದಿಲ್ಲ ಅಂತ.”

“ಆಮೇಲೆ?”

ಅವನು ಭುಜದ ಬ್ಯಾಗನ್ನು ಇಳಿಸಿ ಬಾಗಿಲು ತೆರೆದ.

“ಆಮೇಲೆ ನನ್ ಜೊತೆ ಒಸಿ ಹೊತ್ತು ಕೂತ್ಕೊ. ಇವತ್ತು ಶಿಫ್ಟಿಗೆ ಹೋಗಾಕಿಲ್ಲ.”