ಆರಾದ ಮೇಲೆ ಎಂಟು

ಅಪ್ಪನಿಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಅದಕ್ಕೇ ಅವನು ಓಡಿಸುವ ಸ್ಕೂಲ್ ವ್ಯಾನಿನಲ್ಲಿ ಎಲ್ಲರೂ ಗಂಟಲು ಹರಿಯುವಂತೆ ನಂಬರ್ ಕೂಗಬೇಕಿತ್ತು.

"ಒಂದು."

"ಎರಡು."

"ಮೂರು."

"ನಾಲ್ಕು" ಎಂದಳು ಚಿನ್ನಿ. ಮನೆಯಲ್ಲಿ ಚಿನ್ನಿ. ವ್ಯಾನ್ ಹತ್ತಿದರೆ ಸ್ವಂತ ಅಪ್ಪನಿಗೇ ಅವಳು ಬರೀ ನಾಲ್ಕು.

"ಐದು."

"ಆರು."

ಆಮೇಲೆ ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಅದು ವ್ಯಾನಿನ ನಿಯಮ. ಆರಾದ ಮೇಲೆ ಸುಮ್ಮನಿರಬೇಕು, ಅಪ್ಪ ತಲೆಯಾಡಿಸಬೇಕು, ಆಮೇಲೆ ಎಂಟು. ಏಳನೇ ನಂಬರನ್ನು ಅಪ್ಪ ಯಾರಿಗೂ ಕೊಟ್ಟಿರಲಿಲ್ಲ. ಇದ್ದದ್ದು ಹನ್ನೊಂದು ಮಕ್ಕಳು, ಕೊನೆಯವನ ನಂಬರ್ ಹನ್ನೆರಡು.

"ನಿಮ್ಮಪ್ಪಂಗೆ ಮಿಲಿಟರೀಲಿ ಒಂದರಿಂದ ಹತ್ತು ಹೇಳಿಕೊಡ್ಲಿಲ್ವಾ?" ಎಂದು ಆ ಹನ್ನೆರಡು ಆಗಾಗ ಕಿಚಾಯಿಸುತ್ತಿದ್ದ. ಚಿನ್ನಿಗೂ ಕಾರಣ ಗೊತ್ತಿರಲಿಲ್ಲ. ತಲೆ ಎಣಿಸಬಾರದಾ ಎಂದು ಒಮ್ಮೆ ಕೇಳಿದ್ದಳು. "ಕಣ್ಣು ಬ್ಯಾಗನ್ನೂ ತಲೆ ಅಂತ ಎಣಿಸುತ್ತೆ. ಬಾಯಿಬಿಟ್ಟು ಹೇಳಿದ್ರೇ ಲೆಕ್ಕ" ಎಂದಿದ್ದ ಅಪ್ಪ.

"ಎಂಟು."

ಒಂಬತ್ತರ ಸೀಟು ಖಾಲಿ ಇತ್ತು. ಆ ಹುಡುಗನನ್ನು ಎಲ್ಲರೂ ಬುಗುರಿ ಅನ್ನುತ್ತಿದ್ದರು, ನಿಂತಲ್ಲಿ ನಿಂತವನಲ್ಲ. ಈಗಷ್ಟೇ ವ್ಯಾನಿನಿಂದ ಜಿಗಿದು ಓಡಿದ್ದ. ಓಡುವ ಮುಂಚೆ ಚಿನ್ನಿಯ ಕಿವಿಯಲ್ಲಿ, "ವಾಟರ್ ಬಾಟಲ್ ಕ್ಲಾಸಲ್ಲೇ ಬಿಟ್ಟೆ ಕಣೇ. ಒಂದೇ ನಿಮಿಷ. ನಂದೂ ನೀನೇ ಹೇಳ್ಬಿಡು, ಇಲ್ಲಾಂದ್ರೆ ನಿಮ್ಮಪ್ಪ ಬೈತಾರೆ" ಎಂದಿದ್ದ.

ಚಿನ್ನಿ ಬಾಯಿಗೆ ಕೈ ಅಡ್ಡ ಹಿಡಿದು, ದನಿ ದಪ್ಪ ಮಾಡಿ, "ಒಂಬತ್ತು" ಎಂದಳು.

"ಹತ್ತು."

"ಹನ್ನೊಂದು."

"ಹನ್ನೆರಡು."

ವ್ಯಾನ್ ಹೊರಟೇಬಿಟ್ಟಿತು.

"ಅಪ್ಪಾ" ಎಂದಳು. ಅವಳ ಸೀಟು ಅಪ್ಪನ ಬಲಗಿವಿಯ ಹಿಂದೆಯೇ ಇತ್ತು. ಅಪ್ಪನಿಗೆ ಕೇಳಿಸಲಿಲ್ಲ. ಗಟ್ಟಿಯಾಗಿ ಕರೆಯಬಹುದಿತ್ತು. ಕರೆದರೆ ಹೇಳಿದ ಸುಳ್ಳು ಹೊರಬೀಳುತ್ತಿತ್ತು.

ವ್ಯಾನ್ ಪೆಟ್ರೋಲ್ ಬಂಕ್ ದಾಟಿತು. ಸೇತುವೆ ದಾಟಿತು. ಎದುರಿನಿಂದ ಒಂದರ ಹಿಂದೆ ಒಂದು ಲಾರಿ ಬಂದವು. ಬುಗುರಿ ಒಬ್ಬನೇ ಇದೇ ರಸ್ತೆಯಲ್ಲಿ ನಡೆದು ಬಂದರೆ? ಅವಳು ಸೀಟು ಬಿಟ್ಟು ಎದ್ದಳು.

"ಅಪ್ಪಾ, ಒಂಬತ್ತು ಹತ್ತಿಲ್ಲ" ಎಂದು ಕಿರುಚಿದಳು. "ಅವನ ನಂಬರ್ ನಾನೇ ಹೇಳಿದ್ದು."

ಅಪ್ಪ ವ್ಯಾನನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಈಗ ಬೈಗುಳ ಬೀಳುತ್ತದೆ ಎಂದು ಅವಳು ತಲೆ ತಗ್ಗಿಸಿದಳು. ಬೀಳಲಿಲ್ಲ. ಅಪ್ಪ ಇಳಿದು ಹೋಗಿ, ಮುಂದಿನ ಚಕ್ರದ ಪಕ್ಕ ಮಣ್ಣಿನಲ್ಲೇ ಕುಳಿತುಬಿಟ್ಟ. ಎರಡೂ ಕೈಯಲ್ಲಿ ಟೈರ್ ಹಿಡಿದು ಅಲುಗಾಡಿಸತೊಡಗಿದ.

"ಏಳು" ಎಂದ. "ಏಳು. ಏಳೋ."

"ಏಳು ಯಾರೂ ಇಲ್ವಲ್ಲ ಅಂಕಲ್" ಎಂದು ಕಿಟಕಿಯಿಂದ ಹನ್ನೆರಡು ನಕ್ಕ. ಅಪ್ಪನ ಮುಖ ಕಂಡದ್ದೇ ಬಾಯಿ ಮುಚ್ಚಿದ.

ಚಿನ್ನಿ ಇಳಿದಳು. ಕೇಳಿಸುವ ಎಡಗಿವಿಯ ಕಡೆ ಹೋಗಿ ಕುಕ್ಕರುಗಾಲಲ್ಲಿ ಕುಳಿತಳು.

"ಅಪ್ಪಾ, ಏಳಲ್ಲ."

ಅಪ್ಪ ಅವಳನ್ನು ನೋಡಿದ. "ಹೌದು" ಎಂದ. "ಏಳಲ್ಲ ಅವನು."

"ಒಂಬತ್ತು ಅಪ್ಪಾ. ಬುಗುರಿ. ಸ್ಕೂಲಲ್ಲೇ ಇದಾನೆ. ವಾಪಸ್ ಹೋಗೋಣ."

ಅದನ್ನೇ ಮೂರು ಸಲ ಹೇಳಬೇಕಾಯಿತು. ಮೂರನೇ ಸಲಕ್ಕೆ ಅಪ್ಪ ಪ್ಯಾಂಟಿಗೆ ಕೈ ಒರೆಸಿಕೊಂಡು ಎದ್ದ.

ಬುಗುರಿ ಗೇಟಿನ ಬಳಿ ಬಾಟಲ್ ತಿರುಗಿಸುತ್ತಾ ನಿಂತಿದ್ದ. ವಾಚ್‌ಮನ್ ಅವನ ಕಾಲರ್ ಹಿಡಿದುಕೊಂಡಿದ್ದ. "ಇವನನ್ನ ನಿಲ್ಲಿಸಿಕೊಳ್ಳೋಷ್ಟರಲ್ಲಿ ನಂಗೆ ಸಾಕುಸಾಕಾಯ್ತು, ವ್ಯಾನ್ ಹಿಂದೇನೇ ಓಡ್ತೀನಿ ಅಂತಾನೆ" ಎಂದ.

ಅಪ್ಪ ಬುಗುರಿಯ ಎರಡೂ ಭುಜ ಹಿಡಿದ. ಬಿಡಲೇ ಇಲ್ಲ.

"ನೋಯುತ್ತೆ ಅಂಕಲ್" ಎಂದ ಬುಗುರಿ.

ಅವತ್ತು ಪ್ರತಿ ಸ್ಟಾಪಿನಲ್ಲೂ ಅಪ್ಪ ಇಳಿದು, "ಲೇಟಾಯ್ತು. ಒಬ್ಬನ್ನ ಬಿಟ್ಟು ಹೋಗಿದ್ದೆ, ನಂದೇ ತಪ್ಪು" ಎಂದು ಹೇಳಿದ. ಬುಗುರಿಯ ಅಮ್ಮ ರಸ್ತೆಯಲ್ಲೇ ನಿಂತು ಬಾಯಿಗೆ ಬಂದಂತೆ ಬೈದಳು. ಅಪ್ಪ ಕೇಳಿಸಿಕೊಂಡ. ಚಿನ್ನಿಯ ಹೆಸರು ಎತ್ತಲಿಲ್ಲ.

ಸಂಜೆ ಅಪ್ಪ ವ್ಯಾನ್ ತೊಳೆಯುವಾಗ ಅವಳು ಬಕೆಟ್ ತಂದಿಟ್ಟಳು.

"ಸಾರಿ ಅಪ್ಪಾ."

"ನಾನೂ ಹೇಳಿದ್ದೆ."

"ಏನು?"

"ಇನ್ನೊಬ್ಬನ ನಂಬರ್." ಅಪ್ಪ ಗಾಜು ಒರೆಸುತ್ತಲೇ ಇದ್ದ. "ಯುದ್ಧ ನಡೀತಿತ್ತು. ಬೆಟ್ಟ ಇಳೀಬೇಕಿತ್ತು. ಮಂಜು, ಮುಖಕ್ಕೆ ಮುಖ ಕಾಣ್ತಿರ್ಲಿಲ್ಲ. ಅದಕ್ಕೇ ನಂಬರ್ ಹೇಳ್ಬೇಕು. ಏಳನೇವನು ಬೂಟಿನ ಲೇಸ್ ಕಟ್ಟೋಕೆ ಬಗ್ಗಿದ್ದ. ನಂದೂ ನೀನೇ ಹೇಳು, ಬಂದೆ ಅಂದ. ನಾನು ಎಂಟು. ಅವನದೂ ಹೇಳಿದೆ, ನಂದೂ ಹೇಳಿದೆ. ಲೆಕ್ಕ ಸರಿ ಬಂತು. ಹೊರಟ್ವಿ."

"ಆಮೇಲೆ?"

"ಹಿಂದೆ ಶೆಲ್ ಬಿತ್ತು. ಓಡಿಹೋಗಿ ಎಬ್ಬಿಸಿದೆ. ಎಷ್ಟೋ ಸಲ ಎಬ್ಬಿಸಿದೆ." ಅಪ್ಪ ಬಟ್ಟೆ ಹಿಂಡಿದ. "ಎರಡನೇ ಶೆಲ್ಲಿಗೆ ಈ ಕಿವಿ ಹೋಯ್ತು. ನೀರು ಹಾಕು."

ಅವಳು ನೀರು ಹಾಕಿದಳು.

ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಅವಳ ಪಾದ ತಟ್ಟಿ ಎಬ್ಬಿಸಿದ. ಚಿನ್ನಿ ಹಾಸಿಗೆಯಲ್ಲೇ ಕುಳಿತು ಯೋಚಿಸಿದಳು. ಅಮ್ಮ ದಿನಾ "ಏಳೇ, ಏಳೇ" ಎಂದು ಕೂಗುತ್ತಾಳೆ. ಅಪ್ಪ ಒಂದು ದಿನವೂ ಆ ಮಾತು ಆಡಿದ್ದಿಲ್ಲ.

ವ್ಯಾನಿನಲ್ಲಿ ಎಣಿಕೆ ಶುರುವಾಯಿತು. ನಾಲ್ಕು ಎಂದು ಅವಳು ಗಟ್ಟಿಯಾಗಿ ಹೇಳಿದಳು. ಐದು. ಆರು. ಎಲ್ಲರೂ ಸುಮ್ಮನಾದರು. ಹನ್ನೆರಡು ಅವಳನ್ನು ನೋಡಿ ಹುಬ್ಬು ಹಾರಿಸಿದ. ಅವಳು ಅವನ ಕಡೆ ತಿರುಗಲಿಲ್ಲ. ಅಪ್ಪನ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದಳು. ಅಪ್ಪ ತಲೆಯಾಡಿಸಿದ.

"ಎಂಟು."

"ಒಂಬತ್ತು" ಎಂದು ಬುಗುರಿ ಸೀಟಿನ ಮೇಲೆ ನಿಂತೇ ಕೂಗಿದ.

"ಅಪ್ಪಾ, ಬೆಟ್ಟ ಹತ್ತಿದ್ದು ಎಷ್ಟು ಜನ?" ಎಣಿಕೆ ಮುಗಿದ ಮೇಲೆ ಚಿನ್ನಿ ಎಡಗಿವಿಯ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು.

"ಹನ್ನೆರಡು" ಎಂದು ಅಪ್ಪ ಗಾಡಿ ಸ್ಟಾರ್ಟ್ ಮಾಡಿದ. "ಇಳಿದದ್ದು ಹನ್ನೊಂದು."