ಮೊದಲ ಎರಡು ಎಲೆ

ಪಲ್ಲವಿ ಹಿತ್ತಾಳೆ ಬಿಂದಿಗೆಯನ್ನು ಮೊಣಕಾಲಿಗೆ ಒರಗಿಸಿಕೊಂಡು ತಿಕ್ಕುತ್ತಿದ್ದಳು. ನೆನೆಸಿದ ಹುಣಸೆಹಣ್ಣು ಬಳಿದು, ನಾರಿನಿಂದ ಉಜ್ಜಿ, ತೊಳೆದು, ಕೊನೆಗೆ ಒಂದು ಚಿಟಿಕೆ ವಿಭೂತಿ ಉದುರಿಸಿ ಹತ್ತಿಬಟ್ಟೆಯಿಂದ ಒರೆಸಿದಳು. ಯಾರೂ ಹೇಳಿದ ಕೆಲಸವಲ್ಲ. ಸೋಮವಾರ ಬೆಳಿಗ್ಗೆ ಮಬ್ಬು ಹಿತ್ತಾಳೆ ಕಣ್ಣಿಗೆ ಬಿದ್ದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಗುಬ್ಬಿಯಲ್ಲಿ ದೀಪ ಹಚ್ಚುವ ಮೊದಲು ಅವ್ವ ಇದನ್ನು ಮಾಡಿಸಿಯೇ ಬೆಳೆಸಿದ್ದಳು. ಕೈ ತನ್ನ ಪಾಡಿಗೆ ತಾನು ತಿಕ್ಕುತ್ತಿತ್ತು. ತಲೆ ಮಧ್ಯಾಹ್ನದ ಆಟವನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಆಡುತ್ತಿತ್ತು. ಬಿಂದಿಗೆಗೆ ಕುಡಿಯುವ ನೀರು ತುಂಬಿ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ, ಅದರ ಎಂದಿನ ಜಾಗದಲ್ಲಿ ಇಟ್ಟಳು.

ಅದು ಶೆಟ್ಟಿಹಳ್ಳಿಯ ಒಂದು ಮಹಡಿ ಮನೆ. ಕೆಳಗೆ ಬಸವಪ್ರಭುವಿನ ಸಿಮೆಂಟು, ಕಬ್ಬಿಣದ ಅಂಗಡಿ. ಮೇಲೆ ಒಂದು ಹಾಲು, ಒಂದು ಅಡುಗೆಮನೆ, ಒಂದು ದುಂಡು ಮೇಜು, ನಾಲ್ಕು ಕುರ್ಚಿ. ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿ ಇಸ್ಪೀಟು. ಆ ಒಂದು ದಿನ ಮಾತ್ರ ಬಂದು ಟೀ ಕಾಯಿಸಿ ಬಜ್ಜಿ ಕರಿದು ಕೊಡಲು ಪಲ್ಲವಿ ಸೇರಿ ಎಂಟು ತಿಂಗಳಾಗಿತ್ತು. ಬಸವಪ್ರಭು ಅವಳನ್ನು ‘ಏನಮ್ಮ’ ಎನ್ನುತ್ತಿದ್ದ. ಹೆಸರು ಕೇಳಿರಲಿಲ್ಲ, ಊರು ಕೇಳಿರಲಿಲ್ಲ. ಕೇಳಿದ್ದರೆ ಹೇಳಲು ಅವಳು ಒಂದು ಸುಳ್ಳನ್ನು ಸಿದ್ಧ ಮಾಡಿಕೊಂಡಿದ್ದಳು. ಅದು ಹಾಗೆಯೇ ಉಳಿದಿತ್ತು.

ಗುಬ್ಬಿಯಲ್ಲಿ ಅವರದೊಂದು ಹಿಟ್ಟಿನ ಗಿರಣಿ ಇತ್ತು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಪಲ್ಲವಿ ಅಲ್ಲೇ ಕೂತು ಬೆಳೆದವಳು. ಡಬ್ಬದ ಮುಚ್ಚಳ ನೋಡಿ ಇದು ಯಾರ ಮನೆಯ ರಾಗಿ ಎಂದು ಹೇಳುತ್ತಿದ್ದಳು. ಅಪ್ಪ ಚನ್ನವೀರಯ್ಯ ಒಂದು ಹಿಡಿ ಹಿಟ್ಟನ್ನೂ ಚೆಲ್ಲದ ಮನುಷ್ಯ. ಕಲ್ಲಿನ ಸಂದಿಯಲ್ಲಿ ಉಳಿದದ್ದನ್ನೂ ಪೊರಕೆ ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದ. ಕುಣಿಗಲ್‌ನಲ್ಲಿ ಒಂದು ಲಾಡ್ಜಿನ ಮೇಲಿನ ಕೋಣೆಯಲ್ಲಿ ಅವನಿಗೆ ಪೋಕರ್ ಕಲಿಸಿದವನು ಬಸವಪ್ರಭು. ಏನನ್ನೂ ಚೆಲ್ಲದ ಗುಣವೇ ಅಪ್ಪನನ್ನು ಮುಳುಗಿಸಿತು. ಕೈಗೆ ಬಂದ ಎಲೆಯನ್ನು ಎಸೆಯಲು ಅವನಿಗೆ ಬರುತ್ತಿರಲಿಲ್ಲ. ಎಲ್ಲವನ್ನೂ ಆಡಿದ. ಕೊನೆಗೆ ಸ್ಟ್ಯಾಂಪ್ ಪೇಪರಿನ ಮೇಲೆ ಗಿರಣಿಯನ್ನು ಬರೆದುಕೊಟ್ಟು, ಆ ವರ್ಷದ ಬೇಸಿಗೆ ಮುಗಿಯುವ ಮೊದಲೇ ಹೋಗಿಬಿಟ್ಟ.

ಗಿರಣಿ ಈಗಲೂ ಓಡುತ್ತದೆ, ಬಸವಪ್ರಭುವಿನ ಆಳು ಓಡಿಸುತ್ತಾನೆ. ಅವ್ವ ಕಲ್ಲಮ್ಮ ರಾಗಿ ಡಬ್ಬ ಹೊತ್ತು ಅದರ ಮುಂದೆ ಹೋಗುವುದಿಲ್ಲ. ರೈಲ್ವೆ ಹಳಿ ದಾಟಿ ಊರಿನ ಆ ತುದಿಯ ಗಿರಣಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಾಳೆ. ಮಂಡಿ ನೋವು. ಡಬ್ಬವನ್ನು ಎರಡು ಕಡೆ ಇಳಿಸಿ, ಕೂತು, ಮತ್ತೆ ಹೊರುತ್ತಾಳೆ. ಒಂದು ದಿನ ಪಲ್ಲವಿ ಬಸ್ಸಿನ ಕಿಟಕಿಯಿಂದ ಅದನ್ನು ಕಂಡಳು. ಅವ್ವ ಅವಳನ್ನು ಕಾಣಲಿಲ್ಲ. ಆ ಮುಂದಿನ ವಾರ ಪಲ್ಲವಿ ಶೆಟ್ಟಿಹಳ್ಳಿಯಲ್ಲಿ ಕೆಲಸ ಕೇಳಿಕೊಂಡು ಬಂದಳು.

ಆಟವನ್ನು ಅವಳು ಬಾಗಿಲಲ್ಲಿ ನಿಂತೇ ಕಲಿತಳು. ಪ್ರತಿಯೊಬ್ಬನ ಕೈಗೆ ಎರಡೇ ಎಲೆ. ಆಮೇಲೆ ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ತೆರೆಯುತ್ತವೆ, ಮೊದಲು ಮೂರು, ಮತ್ತೆ ಒಂದು, ಮತ್ತೆ ಒಂದು. ಕೈಯದನ್ನೂ ನಡುವಿನದನ್ನೂ ಕೂಡಿಸಿ ದೊಡ್ಡ ಕೈ ಕಟ್ಟಿದವನು ಗೆಲ್ಲುತ್ತಾನೆ. ಗಂಡಸರೆಲ್ಲ ಆ ಐದನ್ನೇ ನೋಡುತ್ತಿದ್ದರು. ಪಲ್ಲವಿಗೆ ಬೇರೆಯದೇ ಕಂಡಿತು. ಆಟ ಮುಗಿಯುವುದು ಮೊದಲ ಎರಡು ಎಲೆಯಲ್ಲಿ. ಜೋಡಿ ಎಕ್ಕ, ಜೋಡಿ ರಾಜ ಬಂದರೆ ಆಡಬೇಕು. ಎಕ್ಕದ ಜೊತೆ ಅದೇ ಜಾತಿಯ ರಾಜನೋ ರಾಣಿಯೋ ಇದ್ದರೆ ನೋಡಿಕೊಂಡು ಆಡಬೇಕು. ದೂರದೂರದ ಚಿಲ್ಲರೆ ಎಲೆಗಳನ್ನು ಮರುಕವಿಲ್ಲದೆ ಪ್ಯಾಕ್ ಮಾಡಿ ಆ ಆಟ ಬಿಟ್ಟುಬಿಡಬೇಕು. ಬಸವಪ್ರಭು ಹತ್ತು ಸಲದಲ್ಲಿ ಎಂಟು ಸಲ ಎಲೆಯನ್ನು ಹಾಗೆಯೇ ಮಗುಚಿ ತಳ್ಳುತ್ತಿದ್ದ. ಅವನ ಗುಟ್ಟು ಅಷ್ಟೇ. ಜರಡಿ ಹಿಡಿಯುವ ಕೆಲಸ ಅದು, ಅವಳಿಗೆ ಗೊತ್ತಿದ್ದ ಕೆಲಸ.

ಇನ್ನೊಂದನ್ನೂ ಅವಳು ಕಂಡಳು. ಬಸವಪ್ರಭುವಿಗೆ ಚಾಳೀಸು ಬಂದಿತ್ತು. ಕನ್ನಡಕ ಹಾಕಿದರೆ ಮುದುಕನಾದೆ ಅಂತಾರೆ ಎಂದು ಹಾಕುತ್ತಿರಲಿಲ್ಲ. ಹತ್ತಿರದ ಅಂಕಿ ಕಾಣದ್ದರಿಂದ ಎಲೆಯನ್ನು ಮೇಜಿನಿಂದ ಎತ್ತಿ, ತೋಳು ಚಾಚಿ, ದೂರ ಹಿಡಿದು ನೋಡುತ್ತಿದ್ದ. ಅವನು ಕೂರುವುದು ಅಡುಗೆಮನೆಗೆ ಬೆನ್ನು ಹಾಕಿ. ಬಾಗಿಲಲ್ಲಿ ನಿಂತರೆ ಅವನ ಹೆಗಲ ಮೇಲಿಂದ ಆ ಎರಡು ಎಲೆ ಹಾಡಹಗಲಿನಂತೆ ಕಾಣುತ್ತಿದ್ದವು. ಮೇಜಿನ ನಡುವಿನದು ಅವನ ಅಗಲ ಬೆನ್ನಿಗೆ ಮರೆ. ಅದು ಬೇಕಾಗಿಯೂ ಇರಲಿಲ್ಲ.

ಅಣ್ಣ ಮಲ್ಲಿಕಾರ್ಜುನ್ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟಿನ ಮೇಲೆ ದುಡಿಯುತ್ತಿದ್ದ. ಅವನನ್ನು ಪಳಗಿಸಲು ಅವಳಿಗೆ ನಾಲ್ಕು ತಿಂಗಳು ಹಿಡಿಯಿತು. ಅವನಲ್ಲೂ ಅಪ್ಪನ ರಕ್ತ. ಎಲೆ ಬಂದರೆ ಆಡಬೇಕು ಅನ್ನುವವನು.

“ಬಿಸಾಕು,” ಅನ್ನುತ್ತಿದ್ದಳು ಪಲ್ಲವಿ.

“ರಾಣಿ ಐತಲ್ಲೇ.”

“ರಾಣಿ ಜೊತೆ ಮೂರು ಐತೆ. ಬಿಸಾಕು.”

“ನೀನು ಅತ್ತೆ ಮನೇಗೋದ್ರೆ ಗಂಡನ್ನೂ ಹಿಂಗೇ ಬಿಸಾಕ್ತೀಯ ಕಣೇ.”

“ಅವನು ಚಿಲ್ಲರೆ ಆಗಿದ್ರೆ ಬಿಸಾಕ್ತೀನಿ. ಈಗ ಎಲೆ ಬುಡು.”

ಸನ್ನೆ ಮೂರೇ. ಬಿಸಿ ಪಾತ್ರೆ ಇಳಿಸುವ ಕೆಂಪು ಮಸಿಬಟ್ಟೆ ಅವಳ ಬಲ ಹೆಗಲ ಮೇಲಿದ್ದರೆ ಬಸವಪ್ರಭುವಿನ ಕೈಯಲ್ಲಿ ದೊಡ್ಡ ಜೋಡಿ, ಅಣ್ಣ ಪ್ಯಾಕ್ ಮಾಡಬೇಕು. ಎಡ ಹೆಗಲ ಮೇಲಿದ್ದರೆ ಒಳ್ಳೆಯ ಎಲೆ, ಹುಷಾರು. ಕೈಯಲ್ಲೇ ಇದ್ದರೆ ಚಿಲ್ಲರೆ, ಅಣ್ಣ ಪಣ ಏರಿಸುತ್ತಲೇ ಹೋಗಬೇಕು. ಅಣ್ಣನ ಕುರ್ಚಿ ಬಸವಪ್ರಭುವಿನ ಎದುರು, ಕಿಟಕಿಗೆ ಬೆನ್ನು. ಅವನಿಗೆ ತಲೆ ಎತ್ತಿದರೆ ಸಾಕು. ಆಟ ನಡೆಯುವಾಗ ಮೇಜಿನ ಹತ್ತಿರ ಸುಳಿಯಬಾರದು ಎಂದು ಅವಳೇ ನಿಯಮ ಮಾಡಿಕೊಂಡಿದ್ದಳು. ಟೀ, ಬಜ್ಜಿ, ನೀರಿನ ಲೋಟ ಎಲ್ಲವನ್ನೂ ಮೊದಲೇ ಇಟ್ಟುಬಿಡುತ್ತಿದ್ದಳು. ಇಣುಕಿದಳು ಎಂಬ ಮಾತೇ ಹುಟ್ಟಬಾರದು.

ಎರಡು ಶನಿವಾರ ಪರೀಕ್ಷೆ ಮಾಡಿದರು. ಹೊಸಬನಾಗಿ ಸೇರಿದ ಅಣ್ಣ ಬೇಕೆಂದೇ ಸ್ವಲ್ಪ ಸೋತ, ಸ್ವಲ್ಪ ಗೆದ್ದ. ಯಾರ ಕಣ್ಣೂ ಬಾಗಿಲ ಕಡೆ ತಿರುಗಲಿಲ್ಲ. ಮೂರನೇ ಶನಿವಾರಕ್ಕೆ ನಿಜವಾದ ಆಟ ಎಂದುಕೊಂಡಿದ್ದರು. ಅಷ್ಟರಲ್ಲಿ ಕುಣಿಗಲ್‌ನಲ್ಲಿ ಬಸವಪ್ರಭುವಿನ ನೆಂಟರ ಮದುವೆ ಬಂತು, ಆಟ ಸೋಮವಾರಕ್ಕೆ ಹೋಯಿತು. ಪಲ್ಲವಿ ಅದನ್ನೂ ತೂಗಿ ನೋಡಿದಳು. ಅಣ್ಣನಿಗೆ ರಜೆ ಸಿಕ್ಕಿತು. ಕುರ್ಚಿಗಳು ಅವೇ, ಕಣ್ಣು ಅದೇ, ಬೆಳಕು ಅದೇ. ವಾರ ಬದಲಾದರೆ ಏನೂ ಬದಲಾಗುವುದಿಲ್ಲ ಎಂದು ತೀರ್ಮಾನಿಸಿದಳು.

ಎರಡು ಗಂಟೆಗೆ ಎಲ್ಲರೂ ಕೂತರು. ಹಣೆಯ ಮೇಲೆ ವಿಭೂತಿ ಒಣಗಿದ್ದ ಬಸವಪ್ರಭು. ಕುಣಿಗಲ್‌ನಿಂದ ಬರುವ ಕಂಟ್ರಾಕ್ಟರ್ ಓಬಳಯ್ಯ, ಬಾಯಿಗೆ ಬಿಡುವಿಲ್ಲದ ಮುದುಕ. ಎಲೆ ಕಲೆಸಿ ಹಂಚುವ ಅಂಜನ್‌ಕುಮಾರ್. ಮಲ್ಲಿಕಾರ್ಜುನ್.

ಮೊದಲ ಗಂಟೆ ಎಲ್ಲವೂ ಅವಳು ಅಂದುಕೊಂಡಂತೆಯೇ ನಡೆಯಿತು. ಮಸಿಬಟ್ಟೆ ಬಲಕ್ಕೆ ಹೋದಾಗ ಅಣ್ಣ ಪ್ಯಾಕ್ ಮಾಡಿದ. ಕೈಗೆ ಬಂದಾಗ ಏರಿಸಿದ. ಅವನ ಮುಂದೆ ದುಡ್ಡಿನ ಬದಲಿಗಿಟ್ಟ ಬಿಲ್ಲೆಗಳು ಬೆಳೆದವು.

“ಏನ್ಲಾ ಇವ್ನು, ಪ್ರಭುಗೆ ಒಳ್ಳೆ ಎಲೆ ಬಂದಾಗೆಲ್ಲ ಓಡೋಯ್ತಾನೆ,” ಎಂದ ಓಬಳಯ್ಯ. “ಮೂಗಲ್ಲಿ ವಾಸನೆ ಹಿಡೀತೀಯೇನೋ?”

“ಫ್ಯಾಕ್ಟ್ರೀಲಿ ಹೊಗೆ ಕುಡ್ದು ಕುಡ್ದು ಮೂಗೇ ಸತ್ತೋಗದೆ ಬುಡಿ, ಓಬಳಯ್ನೋರೆ.”

ಬಸವಪ್ರಭು ನಗಲಿಲ್ಲ. ತಲೆ ಎತ್ತಿ ಅಣ್ಣನನ್ನು, ಅಣ್ಣನ ಆಚೆಯ ಕಿಟಕಿಯನ್ನು ನೋಡುತ್ತ ಕೂತ. ಸೋಲುವವರು ಹಾಗೆ ಎತ್ತಲೋ ನೋಡುವುದನ್ನು ಪಲ್ಲವಿ ಬಲ್ಲಳು.

ಮೂರೂವರೆ ಸುಮಾರಿಗೆ ಅವನ ಆಟ ಕೆಟ್ಟಿತು. ಎಂಟು ತಿಂಗಳಲ್ಲಿ ಒಂದು ಸಲವೂ ಆಡದ ಎಲೆಗಳನ್ನು ಆಡತೊಡಗಿದ. ಒಂಬತ್ತು ಮೂರು. ಆರು ಎರಡು. ಪಲ್ಲವಿ ಮಸಿಬಟ್ಟೆಯನ್ನು ಕೈಯಲ್ಲೇ ಹಿಡಿದಳು, ಅಣ್ಣ ಏರಿಸಿದ, ನಡುವಿನ ಎಲೆ ತೆರೆದ ಮೇಲೆ ಬಸವಪ್ರಭು ಬಿಟ್ಟುಕೊಟ್ಟ. ಮತ್ತೆ ಹಾಗೆಯೇ, ಇನ್ನೊಮ್ಮೆ ಹಾಗೆಯೇ. ಎಸೆಯಲು ಬಾರದ ಕೈ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕೊನೆಯ ತಿಂಗಳುಗಳಲ್ಲಿ ಅಪ್ಪ ಊಟದ ತಟ್ಟೆಯ ಮುಂದೆಯೂ ಬೆರಳುಗಳನ್ನು ಎಲೆ ಹಿಡಿದಂತೆ ಮಡಿಸಿ ಕೂರುತ್ತಿದ್ದ. ಅಗಲವಾದ ಆ ಬೆನ್ನನ್ನು ನೋಡಿ ಅವಳಿಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು. ಆ ಅನ್ನಿಸಿಕೆ ಅವಳಿಗೇ ಇಷ್ಟವಾಗಲಿಲ್ಲ.

ಅಣ್ಣನಿಗೆ ಹೇಳಿಕೊಟ್ಟಿದ್ದ ಮಾತನ್ನು ಅವನು ಸರಿಯಾದ ಹೊತ್ತಿಗೆ ತೆಗೆದ. “ಗುಬ್ಬೀಲಿ ನಿಮ್ದೊಂದು ಗಿರಣಿ ಐತಂತಲ್ಲ ಯಜಮಾನ್ರೇ. ಫ್ಯಾಕ್ಟ್ರಿ ಸಾಕಾಗೈತೆ. ಅಂಥದ್ದೊಂದು ಸಿಕ್ಕಿದ್ರೆ ಕೂತ್ಕಂಡು ಅನ್ನ ತಿನ್ಬೋದು.”

“ಕೂತ್ಕಂಡು ತಿನ್ನೋದಲ್ಲ ಕಣಯ್ಯ, ಹಿಟ್ಟು ಕುಡ್ಕಂಡು ಕೆಮ್ಮೋದು,” ಎಂದ ಓಬಳಯ್ಯ.

ಬಸವಪ್ರಭು ಎದ್ದು ಬೀರು ತೆರೆದ. ಮಡಿಸಿದ ಸ್ಟ್ಯಾಂಪ್ ಪೇಪರನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಬೆಂಕಿಪೊಟ್ಟಣ ಇಟ್ಟ. “ಬರ್ಲಿ, ಸಮನಾದ ಕೈ ಬಂದಾಗ ನೋಡಣ,” ಎಂದ. ರಿಜಿಸ್ಟರ್ ಆಗದ ಕಾಗದ. ಹರಿದು ಒಲೆಗೆ ಹಾಕಿದರೆ ಗಿರಣಿ ಮತ್ತೆ ಅವ್ವನದು. ಅವನು ಆಸೆ ಹತ್ತಿದಾಗ ಕಾಗದಗಳನ್ನು ಹೊರತೆಗೆಯುತ್ತಾನೆ ಎಂಬುದೂ ಅವಳ ಲೆಕ್ಕದಲ್ಲಿತ್ತು. ಇಷ್ಟು ಸಲೀಸಾಗಿ ಕೂಡಿಬಂದ ಲೆಕ್ಕವನ್ನು ಅವಳು ಮನಸ್ಸಿನಲ್ಲೇ ಇನ್ನೊಮ್ಮೆ ಕೂಡಿ ನೋಡಿದಳು.

ಅದಾದ ಮೇಲಿನ ಆರನೆಯದೋ ಏಳನೆಯದೋ ಹಂಚಿಕೆಯಲ್ಲಿ ಅಣ್ಣನ ಮುಖ ಗಟ್ಟಿಯಾಯಿತು. ಜೋಡಿ ಎಕ್ಕ ಬಂದರೆ ಅವನು ಹಾಗಾಗುತ್ತಾನೆ, ಎಷ್ಟು ಹೇಳಿದರೂ ಕಲಿಯಲಿಲ್ಲ. ಬಸವಪ್ರಭು ತೋಳು ಚಾಚಿ ಎಲೆ ಹಿಡಿದ. ಏಳು, ಎರಡು. ಎರಡಕ್ಕೂ ಜಾತಿ ಬೇರೆ. ಇಡೀ ಕಟ್ಟಿನಲ್ಲಿ ಅದಕ್ಕಿಂತ ಕೀಳಾದ ಆರಂಭ ಇಲ್ಲ. ಮಸಿಬಟ್ಟೆ ಕೈಯಲ್ಲೇ ಇತ್ತು.

ಅಣ್ಣ ಏರಿಸಿದ. ಉಳಿದಿಬ್ಬರು ಪ್ಯಾಕ್ ಮಾಡಿದರು. ಬಸವಪ್ರಭು ಉಳಿದ. ಅಂಜನ್‌ಕುಮಾರ್ ನಡುವೆ ಮೂರು ಎಲೆ ಮಗುಚಿದ ಸದ್ದು ಕೇಳಿತು. ಅವು ಯಾವುವೆಂದು ಅವಳಿಗೆ ಕಾಣಲಿಲ್ಲ. ಅಣ್ಣ ಅವಳ ಕೈ ಕಡೆ ಇನ್ನೊಮ್ಮೆ ನೋಡಿದ. ಅವಳು ಬಟ್ಟೆಯನ್ನು ಬಿಗಿಯಾಗಿ ಹಿಡಿದಳು. ಅಣ್ಣ ಇದ್ದ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿದ.

“ಗಿರಣಿಗೆ ಇದು ಸಮ ಆಗಲ್ಲ ಕಣೋ,” ಎಂದ ಬಸವಪ್ರಭು, ಮೆತ್ತಗೆ.

ಅಣ್ಣ ಜೇಬಿಗೆ ಕೈ ಹಾಕಿದ. ಇದು ಅವಳ ಲೆಕ್ಕದಲ್ಲಿ ಇರಲಿಲ್ಲ. ಅವನು ಹೊರತೆಗೆದು ಇಟ್ಟದ್ದು ಅಪ್ಪ ಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿ ಕರಡಿಗೆ. ಅಪ್ಪನನ್ನು ಮಣ್ಣು ಮಾಡುವಾಗ ಲಿಂಗವನ್ನು ಅಂಗೈಯಲ್ಲಿಟ್ಟು, ಖಾಲಿ ಕರಡಿಗೆಯನ್ನು ಅವ್ವ ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಟ್ರಂಕಿನ ತಳದಲ್ಲಿ ಇರಬೇಕಾದದ್ದು. ಸೋಮವಾರ ಸೋಮವಾರ ಅವ್ವ ಅದನ್ನೂ ಒರೆಸಿಡುತ್ತಿದ್ದಳು.

ಬಸವಪ್ರಭು ಅದನ್ನು ಎತ್ತಿ ಎರಡು ಕಣ್ಣಿಗೂ ಒತ್ತಿಕೊಂಡ. ಆಮೇಲೆ ಕಾಗದದ ಪಕ್ಕದಲ್ಲಿಟ್ಟು, “ಸರಿ,” ಎಂದ.

ಇನ್ನೆರಡು ಎಲೆ ಬಿದ್ದವು. ಅಣ್ಣ ಎಕ್ಕಗಳನ್ನು ತೋರಿಸಿದ. ಬಸವಪ್ರಭು ತನ್ನ ಏಳನ್ನು ತೆಗೆದು ನಡುವಿನ ಎಲೆಗಳ ಪಕ್ಕಕ್ಕೆ ಸರಿಸಿದ. ನಡುವೆ ಮೊದಲಿನಿಂದಲೇ ಇನ್ನೆರಡು ಏಳು ಬಿದ್ದಿದ್ದವು. ಮೂರು ಏಳಿನ ಮುಂದೆ ಜೋಡಿ ಎಕ್ಕ ಸೋತಿತು. ಅಣ್ಣ ಅವನ್ನು ಕಂಡಿದ್ದ, ಆದರೆ ಎದುರಿನ ಕೈಯಲ್ಲಿ ಏಳಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಪಲ್ಲವಿಗೆ ಕೈಯಲ್ಲಿನ ಏಳು ಗೊತ್ತಿತ್ತು, ನಡುವಿನದು ಕಂಡಿರಲಿಲ್ಲ.

“ಏಳು ಎರಡಿಟ್ಕಂಡು ಗಿರಣಿ ಒಡ್ಡಿದ್ಯೇನೋ ಪ್ರಭು,” ಎಂದ ಓಬಳಯ್ಯ. “ಹುಡುಗ ಬುಡಲ್ಲ ಅಂತ ನಿಂಗ್ಯಾರೋ ಹೇಳಿದ್ರು? ನಂಗೆ ಗಂಟ್ಲೊಣಗೋಯ್ತು. ಒಂದ್ಲೋಟ ನೀರು ಕೊಡಮ್ಮ.”

ಆ ಮಧ್ಯಾಹ್ನ ಮೊದಲ ಸಲ ಪಲ್ಲವಿ ಬಾಗಿಲು ಬಿಟ್ಟು, ಮೇಜನ್ನು ಸುತ್ತಿ, ಅಣ್ಣನ ಕುರ್ಚಿಯ ಹಿಂದಕ್ಕೆ ಹೋದಳು. ಮಸಿಬಟ್ಟೆಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಬಂದಿದ್ದಳು. ಲೋಟ ಹಿಡಿದು ಬಿಂದಿಗೆಗೆ ಬಗ್ಗಿದಾಗ ಅದರ ಹೊಳೆಯುವ ಹೊಟ್ಟೆಯಲ್ಲಿ ಇಡೀ ಹಾಲು ಕಂಡಿತು. ಮೇಜು, ನಾಲ್ಕು ಗಂಡಸರು, ಅವರ ಹಿಂದೆ ಅಡುಗೆಮನೆಯ ಬಾಗಿಲು, ಚಿಲಕದಲ್ಲಿ ನೇತಾಡುವ ಬೆರಳುಗುರಿನಷ್ಟು ಕೆಂಪು ಬಟ್ಟೆ, ಎಲ್ಲ ಪುಟ್ಟದಾಗಿ, ಸ್ಪಷ್ಟವಾಗಿ. ಎರಡು ಶನಿವಾರ ಕಿಲುಬು ಹಿಡಿದು ಕಪ್ಪಗೆ ಕೂತಿದ್ದ ಬಿಂದಿಗೆ ಅದು. ಮೂರೂವರೆಯಿಂದ ಅವನು ಚಿಲ್ಲರೆ ಎಲೆ ಆಡಿದ್ದು ಇದರಲ್ಲಿ ಆ ಕೆಂಪು ಬಟ್ಟೆಯನ್ನು ನೋಡಿಕೊಂಡೇ. ಹತ್ತಿರದ್ದು ಕಾಣದ ಬಸವಪ್ರಭುವಿನ ಕಣ್ಣು ದೂರದಿಂದ ಆ ಹಿತ್ತಾಳೆಯೊಳಗೆ ನೇರವಾಗಿ ಅವಳನ್ನೇ ನೋಡುತ್ತಿತ್ತು. “ಚೆನ್ನಾಗಿ ತಿಕ್ಕಿದೀಯ ಕಣಮ್ಮ,” ಎಂದ ಅವನು. “ಹುಣ್ಸೇಹಣ್ಣಾ?” ಬಗ್ಗಿಸಿದ ಬಿಂದಿಗೆಯಿಂದ ಲೋಟ ತುಂಬಿ ನೀರು ಅವಳ ಮಣಿಕಟ್ಟಿನ ಮೇಲೆ ಹರಿಯಿತು. ಅಣ್ಣ ಮೇಜು ನೋಡುತ್ತಿದ್ದ. “ಯಜಮಾನ್ರೇ,” ಎಂದಳು ಪಲ್ಲವಿ, “ಆ ಕರಡಿಗೆ ನಮ್ಮಪ್ಪಂದು. ಗಿರಣಿ ಬೇಡ. ಅದೊಂದನ್ನ ಕೊಟ್ಬಿಡಿ, ಅವ್ವ ನೋಡೋದ್ರೊಳಗೆ ಟ್ರಂಕಲ್ಲಿ ಇಡ್ತೀನಿ.” ಅಂಜನ್‌ಕುಮಾರ್ ಎಲೆಗಳನ್ನು ಒಟ್ಟುಮಾಡಿ ಕಲೆಸತೊಡಗಿದ.